ತಿರುಗುವ ನೆಲ, ನೆಟ್ಟಗಿನ ಗೋಡೆ

ಗೌಂಡಿ ಮಾವನಿಗೆ,

ಹೋದ ವರ್ಷ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಎಡಗಿವಿ ಬಿಗಿದುಕೊಂಡಿತು, ಒಳಗೆ ಅಕ್ಕಿ ಗಿರಣಿ ಶುರುವಾದಂಥ ಸದ್ದು. ಆಮೇಲೆ ಬಸ್ಸು, ಜನ, ಬಾಳೆಹಣ್ಣಿನ ಗಾಡಿ ಎಲ್ಲವೂ ಒಂದೇ ದಿಕ್ಕಿಗೆ ಸುತ್ತತೊಡಗಿದವು. ಅನುವಾದದ ಕಾದಂಬರಿಗಳಲ್ಲಿ ಹಡಗಿನ ಜನರಿಗೆ ಹೀಗಾಗುವುದನ್ನು ಓದಿದ್ದೆ. ಒಣನೆಲದ ಮೇಲೆ ಆಗಬಹುದೆಂದು ತಿಳಿದಿರಲಿಲ್ಲ. ಕಂಬ ಹಿಡಿದು ಕುಳಿತು ವಾಂತಿ ಮಾಡಿಕೊಂಡೆ. "ಹೊತ್ತೇರೋದ್ರಾಗ ಹಾಕ್ಕೊಂಡಾನ ನೋಡಲೇ" ಎಂದು ಯಾರೋ ನಕ್ಕರು. ಈ ಮಾತನ್ನು ನೀನು ಎಷ್ಟು ಸಲ ಕೇಳಿದ್ದೆಯೋ, ಮಾವ?

ಕುರುಗೋಡಿನಲ್ಲಿ ಮಹಡಿ ಕಟ್ಟುತ್ತಿದ್ದಾಗ ನೀನು ಅರ್ಧಕ್ಕೇ ಕೆಲಸ ಬಿಟ್ಟು, ತಡವರಿಸುತ್ತ ಕೆಳಗಿಳಿದು, ಮರಳಿನ ಗುಡ್ಡೆಗೆ ಒರಗಿದ್ದು ನೆನಪಿದೆ. ಬುತ್ತಿ ತಂದ ಅತ್ತೆ ನಿನ್ನ ಬಾಯಿ ಮೂಸಿ ನೋಡಿದಳು.

"ವಾಸನಿ ಬರ್ದಂಗ ಕುಡ್ಯೋದು ಕಲ್ತೀರೇನ್ರಿ?"

"ಇಲ್ಲ ಮಾರಾಯ್ತಿ, ಭೂಮಿ ತಿರಗಾಕತ್ತೈತಿ."

"ಊರಾಗ ಎಲ್ಲಾರ ಭೂಮಿ ಸುಮ್ಮನ ಐತಿ. ನಿಮ್ದೊಂದ ತಿರಗತೈತೇನು?"

ಕೊನೆಗೆ ಹಿರಿಯರನ್ನು ಕೂಡಿಸಿ, ಕುಡಿತ ಬಿಡುವವರಿಗೆ ಹಾಕುವ ತುಳಸಿಮಾಲೆಯನ್ನು ನಿನ್ನ ಕೊರಳಿಗೆ ಹಾಕಿಸಿದಳು. ಒಂದು ಹನಿಯನ್ನೂ ಮುಟ್ಟದವನು ನೀನು, ತಲೆ ಬಗ್ಗಿಸಿ ಹಾಕಿಸಿಕೊಂಡೆ. ಮುಂದಿನ ಸಲ ಬಿದ್ದಾಗ, ಮಾಲೆ ಹಾಕಿಕೊಂಡೂ ಕುಡಿದ ಪಾಪಿ ಎಂದರು. ಅತ್ತೆ ಅದನ್ನು ನಂಬಿದಳು. ನೀನು ಯಾಕೆ ಒಂದು ಮಾತೂ ಆಡಲಿಲ್ಲ? ನಿನಗೇ ನಿನ್ನ ಮೇಲೆ ಅನುಮಾನ ಬಂದಿತ್ತೇ, ಅಥವಾ...

ಬಳ್ಳಾರಿಯ ಕಿವಿ ಡಾಕ್ಟರು ನನ್ನ ಪರೀಕ್ಷೆಗಳನ್ನೆಲ್ಲ ನೋಡಿ ಹೇಳಿದರು, ಇದಕ್ಕೆ ಮೆನಿಯರ್ ಕಾಯಿಲೆ ಎಂದು ಹೆಸರು. ಒಳಗಿವಿಯಲ್ಲಿ ಒಂದಿಷ್ಟು ದ್ರವ ಇರುತ್ತದಂತೆ. ಅದು ಹೆಚ್ಚಿ ಒತ್ತಿದರೆ, ನಿಂತಿರುವ ತಲೆ ತಾನು ತಿರುಗುತ್ತಿದ್ದೇನೆ ಎಂದುಕೊಳ್ಳುತ್ತದೆ. ಮಾತ್ರೆ ಇದೆ, ಉಪ್ಪು ಕಡಿಮೆ ಮಾಡಬೇಕು. ಕೇಳುವುದು ಮೆಲ್ಲಗೆ ತಗ್ಗುತ್ತ ಹೋಗಬಹುದು. ನಿನಗೂ ಇದೇ ಇದ್ದಿರಬೇಕು, ಮಾವ; ಕೊನೆಕೊನೆಗೆ ಕೂಗಿ ಹೇಳದಿದ್ದರೆ ನಿನಗೆ ಕೇಳುತ್ತಿರಲಿಲ್ಲ. ಹೊರಗೆ ಬಂದು ಕೋಟೆಯ ಗುಡ್ಡದತ್ತ ನೋಡಿದೆ. ಇಷ್ಟು ದೊಡ್ಡ ಬಂಡೆ ನನ್ನ ಕಣ್ಣಿಗೆ ಇದ್ದಲ್ಲೇ ಇರಬೇಕಾದರೆ, ಕಾಣದಷ್ಟು ಒಳಗಿರುವ ಆ ಹನಿ ನೀರು ತನ್ನ ಮಟ್ಟದಲ್ಲಿರಬೇಕು!

ನೀನು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಈ ಗೋಡೆಯಿಂದ ಆ ಗೋಡೆಗೆ ಮಟ್ಟ ನೋಡುತ್ತಿದ್ದದ್ದು ಆಗ ನೆನಪಾಯಿತು. ಒಂದು ಸಲ ನೋಡಿದ್ದು ಸಾಲದೆಂದು ಮತ್ತೆ ಮತ್ತೆ ನೋಡುತ್ತಿದ್ದೆ; ಜೊತೆಯವರು ಬೈಯುತ್ತಿದ್ದರು. ಮೊನ್ನೆ ಆ ಮಹಡಿ ಮನೆಗೆ ಹೋಗಿ, ಮೂಲೆಯಲ್ಲಿ ನೀನು ಮಾಡುತ್ತಿದ್ದಂತೆ ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟೆ. ಮೇಲಿಂದ ಕೆಳಗಿನವರೆಗೂ ದಾರಕ್ಕೂ ಗೋಡೆಗೂ ಒಂದೇ ಅಂತರ. ಲೋಕವೇ ತಿರುಗುವಾಗ ಇಷ್ಟು ನೆಟ್ಟಗೆ ಹೇಗೆ ಕಟ್ಟಿದೆ, ಮಾವ? ನಿನ್ನ ತಲೆ ಸುಳ್ಳು ಹೇಳುತ್ತಿತ್ತು. ನೀನು ಅದರ ಮಾತು ಕೇಳದೆ, ಕೈಲಿದ್ದ ನೀರಿನ ಮಾತು, ದಾರದ ಮಾತು ಕೇಳಿ ಕಟ್ಟಿದೆ.

ಅಲ್ಲಿಂದ ನೇರ ಅತ್ತೆಯ ಬಳಿ ಹೋಗಿ ಎಲ್ಲ ಹೇಳಿದೆ. "ಕಿವಿಗೂ ತಲಿಗೂ ಏನ್ ಸಂಬಂಧಲೇ?" ಎಂದು ಮೊದಲು ನಕ್ಕಳು. ನನಗೂ ಅದೇ ಆಗಿದೆ ಎಂದಾಗ ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು.

"ಹಂಗಾರ ಅವರು ಮಾಲಿ ಕೆಡಿಸಿಲ್ಲಾ?"

"ಇಲ್ಲ ಅತ್ತಿ. ಕುಡದೇ ಇಲ್ಲಂದ್ರ ಕೆಡಿಸೋದೆಲ್ಲಿಂದ?"

ಮೊರ ಪಕ್ಕಕ್ಕಿಟ್ಟು ಎದ್ದಳು. ಓಣಿಯ ಕಟ್ಟೆಯ ಮೇಲೆ ಕುಳಿತ ಹೆಂಗಸರ ಮುಂದೆ ನಿಂತು, ಮೂರು ಮನೆಗೆ ಕೇಳುವಂತೆ ಕೂಗಿದಳು: "ಕೇಳ್ರಿ! ನಮ್ಮನಿಯವರು ಕುಡೀತಿದ್ದಿಲ್ಲ! ಅವರ ಕಿವ್ಯಾಗ ಬ್ಯಾನಿ ಇತ್ತಂತ!"

"ಅಯ್ಯ ಯಕ್ಕ, ಸತ್ತವರ ಸುದ್ದಿ ಹಿಂಗ್ಯಾಕ ಒದರ್ತೀ? ಮೆತ್ತಗ ಹೇಳು" ಎಂದಳು ಒಬ್ಬಳು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೆತ್ತಗ ಹೇಳಿದರ ಅವರಿಗೆ ಕೇಳಸಂಗಿಲ್ಲ."

ನಿನ್ನ ಅಳಿಯ