ಆಫ್ ಮಾಡೋ ಜವಾಬ್ದಾರಿ

ತೀರ್ಥೇಶಣ್ಣ,

ಇವತ್ತು ಪೊಲೀಸಿನವರು ಪಂಚನಹಳ್ಳಿಗೆ, ಹನುಮಂತಪ್ಪನವರ ತೋಟಕ್ಕೆ ಬಂದಿದ್ದರು. ನೀನು ಬೋರ್‌ವೆಲ್ ವೈರ್ ಹಿಡಿದು ಸತ್ತ ಜಾಗ ನೋಡಿದರು. ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನೇ ಓಡಿಸುವ ಆಟೋ ಸ್ವಿಚ್ಚನ್ನೂ ನೋಡಿದರು.

"ರಿಪೇರಿಗೆ ಮುಂಚೆ ಇದನ್ನ ಆಫ್ ಮಾಡೋ ಜವಾಬ್ದಾರಿ ಯಾರ್ದು?" ಅಂತ ಸಾಹೇಬರು ಕೇಳಿದರು.

"ರಿಪೇರಿ ಮಾಡೋನ್ದೇ ಸಾರ್. ಮರ್ತವ್ನೆ, ಪಾಪ," ಅಂದರು ಹನುಮಂತಪ್ಪ.

ಅವತ್ತು ನೀನು ಬೋರಿನ ಹತ್ತಿರದಿಂದ "ಲೇ, ಆಟೋ ಆಫ್ ಮಾಡ್ದೇನೋ?" ಅಂತ ಕೂಗಿದೆ. ನಿನ್ನ ಜೊತೆ ಕೆಲಸಕ್ಕೆ ಬಂದಿದ್ದ ನಾನು, ಎರಡು ಗಂಟೆವರೆಗೆ ಕರೆಂಟ್ ಬರಲ್ಲ ಅಂದುಕೊಂಡು, ಕೂತಲ್ಲಿಂದ ಏಳದೆ "ಹ್ಞೂಂ ಕಣಣ್ಣ" ಅಂದೆ. ಕರೆಂಟ್ ಒಂದೂವರೆಗೇ ಬಂತು.

ಸಾಹೇಬರು ನನ್ನ ಕಡೆ ತಿರುಗಿದರು. ತಪ್ಪು ನಿನ್ನದೇ ಅಂತ ಅವರು ಬರೆದುಕೊಟ್ಟ ಹಾಳೆಯನ್ನು ಅಕ್ಷರ ಕೂಡಿಸಿಕೊಂಡು ಓದಿ, ಕೆಳಗೆ ಸೈನ್ ಹಾಕಿದೆ. ನಾಲ್ಕನೇ ಕ್ಲಾಸಿನಲ್ಲಿ ನೀನೇ ಕೈ ಹಿಡಿದು ಕಲಿಸಿದ ಸೈನು.

ಹೊರಗೆ ನಿಮ್ಮವ್ವ ಕರಿಯಮ್ಮ ನನ್ನ ಕೈ ಹಿಡಿದುಕೊಂಡರು. "ನೀನಾದ್ರೂ ಜೊತೇಲಿದ್ದೆ ಕಣಪ್ಪ. ಕಡೇಲಿ ನನ್ ಮಗ ಏನಂದ?"

"ಏನೂ ಅನ್ಲಿಲ್ಲ ಕಣವ್ವ," ಅಂದೆ.