ಮೊಜಾರ್ಟ್ ಮೇಲೆ ಬಂದ ಅಪವಾದ

ಜುಲೈ 11, 2024. ಇಂಡಿ. ಸಂಜೆ.

ಇವತ್ತೂ ಹಚ್ಚಿದ್ದಾಯಿತು. ಹೆಡ್‌ಫೋನಿನ ಒಂದು ಕಿವಿ ಹೊಟ್ಟೆಯ ಎಡಕ್ಕೆ, ಇನ್ನೊಂದು ಬಲಕ್ಕೆ. ಮಾಮಾ ತನ್ನ ಮೊಬೈಲ್ ಅಂಗಡಿಯಿಂದ ತಂದದ್ದು. ಗಂಡನನ್ನು ‘ಯಜಮಾನರು’ ಎಂದು ಬರೆಯಲು ಕೈ ಬರುವುದಿಲ್ಲ. ಅವ್ವನ ತಮ್ಮ. ನಾನು ತೊಟ್ಟಿಲಲ್ಲಿದ್ದಾಗಿನಿಂದ ಬೀರಣ್ಣ ಮಾಮಾ. ತಾಳಿ ಕಟ್ಟಿದ ಮೇಲೂ ಮಾಮಾನೇ.

ಮೊಜಾರ್ಟ್ ಕೇಳಿಸಿದರೆ ಕೂಸು ಚುರುಕಾಗುತ್ತದಂತೆ. ಯಾವುದೋ ವಿಡಿಯೋ ನೋಡಿ ಬಂದಿದ್ದಾನೆ. 

“ಆಸ್ಟ್ರೇಲಿಯಾದಾಂವ. ಐದ ವರ್ಷದಾಂವ ಇದ್ದಾಗನ ರಾಗ ಕಟ್ಟಿದ್ನಂತ.”

ಆಸ್ಟ್ರೇಲಿಯಾ ಅಲ್ಲ, ಆಸ್ಟ್ರಿಯಾ ಎಂದೆ. 

“ಎರಡೂ ದೂರನ ಅದಾವು ತಗೋ.”

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಯಿ ಬಾಗಿಲಲ್ಲಿ ನಿಂತು ನೋಡಿದಳು. ಮಾಮಾನ ತಾಯಿ, ಅಂದರೆ ನನ್ನ ಅಜ್ಜಿ, ಈಗ ಅತ್ತೆ. ಸಂಬಂಧ ಎಷ್ಟು ಸುತ್ತಿದರೂ ಇದೇ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಆಗಸ್ಟ್ 25

ಏಳನೇ ತಿಂಗಳ ಕುಬಸ ಮುಗಿಯಿತು. ಹಸಿರು ಸೀರೆ, ಹಸಿರು ಬಳೆ, ಕಾಲು ಬಾವು. ಇಂಗಳೇಶ್ವರದಿಂದ ಅವ್ವ ಮತ್ತು ತಂಗಿ ಸುಜಾತಾ ಬಂದಿದ್ದಾರೆ. ಸುಜಾತಾ ಹೆಡ್‌ಫೋನ್ ಕಸಿದು ತನ್ನ ಕಿವಿಗೆ ಹಾಕಿಕೊಂಡಳು. ಮಾಮಾನ ತಮ್ಮ ಮಾಳಿಂಗ ಅವಳನ್ನೇ ನೋಡುತ್ತಿದ್ದ. ಅವ್ವ ಆಯಿಯ ಮುಖ ನೋಡಿದಳು.

“ಹೊರಗಿನವರ ಮನಿ ಹೆಂಗೋ ಏನೋ. ನಮ್ಮ ಕಳ್ಳುಬಳ್ಳಿ ನಮ್ಮನ್ಯಾಗನ ಇರ್ಲಿ,” ಎಂದಳು ಆಯಿ.

ನನಗೂ ಖುಷಿ. ಸುಜಾತಾ ಇದೇ ಮನೆಗೆ ಬಂದರೆ ಮಾತಿಗೊಂದು ಜೀವ.

ಮೊಜಾರ್ಟ್ ಮುಗಿದರೆ ಹೈಡನ್, ಆಮೇಲೆ ಶೂಬರ್ಟ್. ಎಲ್ಲರೂ ವಿಯೆನ್ನಾದಲ್ಲಿ ಇದ್ದವರೇ. ಶೂಬರ್ಟ್ ಪಾಪ, ಮೂವತ್ತೊಂದಕ್ಕೇ ಹೋದ. ಮೊಜಾರ್ಟ್‌ಗೆ ಒಬ್ಬ ಅಕ್ಕ ಇದ್ದಳಂತೆ. ಚಿಕ್ಕಂದಿನಲ್ಲಿ ತಮ್ಮನ ಜೊತೆ ಊರೂರು ತಿರುಗಿ ಬಾರಿಸಿದವಳು. ಮದುವೆ ವಯಸ್ಸು ಹತ್ತಿರ ಬಂತೆಂದು ಅಪ್ಪ ಮನೆಯಲ್ಲೇ ಬಿಟ್ಟ. ಅಲ್ಲೂ ಅದೇ ರಾಮಾಯಣ.

ಜನವರಿ 19, 2025

ಮಗನಿಗೆ ಮೂರು ತಿಂಗಳು. ಬರೆಯಲು ಪುರುಸೊತ್ತಿಲ್ಲ. ಇವತ್ತು ಬರೆಯಲೇಬೇಕು.

ಕಟ್ಟೆಯ ಮೇಲಿಂದ ಸ್ಟೀಲ್ ಕೊಡ ಬಿತ್ತು. ಓಣಿಯ ನಾಯಿ ಬೊಗಳಿತು. ಆಯಿ ಬೈದಳು. ಪಕ್ಕದಲ್ಲೇ ಮಲಗಿದ್ದ ಮಗ ರೆಪ್ಪೆ ಕೂಡ ಅಲುಗಿಸಲಿಲ್ಲ.

ಜನವರಿ 22

ಅವನ ಬೆನ್ನ ಹಿಂದೆ ಮೊಬೈಲ್ ಇಟ್ಟು ಮೊಜಾರ್ಟ್ ಫುಲ್ ಮಾಡಿದೆ. ತಿರುಗಲಿಲ್ಲ. ನಾನು ಮುಂದೆ ಬಂದೆ — ನಕ್ಕ. ನನ್ನ ಬಾಯಿ ನೋಡಿ ನಗುತ್ತಾನೆ.

“ಗಂಡ ಕೂಸಿಗಿ ಎಲ್ಲಾ ತಡಾ,” ಅನ್ನುತ್ತಾಳೆ ಆಯಿ. ಸಿಂದಗಿಯಲ್ಲಿ ಒಬ್ಬ ಡಾಕ್ಟರ್ ಹನಿ ಔಷಧ ಕೊಟ್ಟರು. ಮುದ್ದೇಬಿಹಾಳದ ಕಡೆಯ ಒಬ್ಬಳು ಕಿವಿಗೆ ಎಣ್ಣೆ ಬಿಟ್ಟಳು. ಮಗ ಅತ್ತ. ತನ್ನ ಅಳುವೂ ಅವನಿಗೆ ಕೇಳಿಸಲಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಮಾರ್ಚ್ 6

ವಿಜಯಪುರ. ಮಗನನ್ನು ಮಲಗಿಸಿ, ಹಣೆಗೆ ವೈರ್ ಅಂಟಿಸಿ ಟೆಸ್ಟ್ ಮಾಡಿದರು. ಎರಡೂ ಕಿವಿ ಕೇಳಿಸುವುದಿಲ್ಲ.

ಕಿವಿ ಡಾಕ್ಟರ್ ಫರಹತ ಮೇಡಂ ಕೇಳಿದರು, “ನಿಮ್ಮದು ಸಂಬಂಧದೊಳಗ ಆದ ಲಗ್ನ ಏನ್ರಿ?”

“ಹೌದ್ರಿ. ಇವರು ನಮ್ಮ ಅವ್ವನ ಖಾಸ ತಮ್ಮರಿ.”

ಅವರ ಪೆನ್ನು ನಿಂತಿತು.

ಮಾಮಾ ಕೇಳಿದ, “ಬಸುರಿದ್ದಾಗ ಹೊಟ್ಟಿಗಿ ಹೆಡ್‌ಫೋನ್ ಹಚ್ಚಿದ್ವಿರಿ. ಅದರಿಂದ ಆಗಿರಬೇಕೇನ್ರಿ?”

“ಇಲ್ರಿ. ಹಾಡಿನಿಂದ ಹಿಂಗ ಆಗೂದಿಲ್ಲ. ಇಬ್ಬರ ಕಡಿಂದಲೂ ಒಂದ ದೋಷ ಬಂದು ಕೂಡೇತಿ ಅನಸ್ತೈತಿ. ರಕ್ತದಾಗಿಂದು. ಮುಂದಿನ ಕೂಸಿಗೂ ನಾಲ್ಕರಾಗ ಒಂದು ಭಯ ಇದ್ದ ಇರ್ತೈತಿ. ಮನ್ಯಾಗ ಮತ್ತ ಇಂಥಾ ಲಗ್ನ ಗೊತ್ತಾಗಿದ್ರ ಮೊದಲ ತಪಾಸಣಿ ಮಾಡಸ್ರಿ.”

ಮಗನಿಗೆ ಆಪರೇಷನ್ ಮಾಡಿ ಮಷೀನ್ ಕೂರಿಸಬಹುದಂತೆ. ತಡ ಮಾಡಬಾರದಂತೆ.

ಬಸ್ಸಿನಲ್ಲಿ ತಾಂಬಾದ ಮೂಕ ಮುತ್ಯಾ ನೆನಪಾದ. ಆಯಿಯ ಅಣ್ಣ. ಹುಟ್ಟಾ ಕಿವುಡ, ಕುರಿ ಕಾಯುತ್ತಿದ್ದ. ದೇವರ ಸಿಟ್ಟಿಗೆ ಹಾಗಾದ ಎನ್ನುತ್ತಿದ್ದರು. ಅವನಿಗೊಂದು ಹೆಸರಿತ್ತೋ ಇಲ್ಲವೋ, ನಾನು ಕೇಳಿಯೇ ಇಲ್ಲ.

ಇಂಡಿ ಬಂತು. ಇಳಿಯುವ ಮೊದಲು ಮಾಮಾ ಒಂದೇ ಮಾತು ಆಡಿದ. “ಡಾಕ್ಟರ್ ಹೇಳಿದ್ದು ಮನ್ಯಾಗ ಹೇಳೂದು ಬ್ಯಾಡ.”

ಮಾರ್ಚ್ 9

ಓಣಿಯ ಹೆಂಗಸರೆಲ್ಲ ಕೂತಿದ್ದರು. ಆಯಿ ಅವರೆದುರೇ ಅಂದಳು.

“ಹೊಟ್ಯಾಗ ಇದ್ದಾಗನ ಆ ಇಂಗ್ರೇಜಿ ಬಾಜಾ ಹಚ್ಚಿ ಕೂಸಿನ ಕಿವಿ ಒಡದಳು. ಕಲತಾಕಿ ಅಂತ ತಂದುಕೊಂಡ್ವಿ.”

ಮಾಮಾ ರೊಟ್ಟಿ ಮುರಿಯುತ್ತಿದ್ದ. ಮುರಿಯುತ್ತಲೇ ಇದ್ದ. ಹೆಡ್‌ಫೋನ್ ತಂದವನು ತಾನೇ ಎಂದು ಅನ್ನಲೂ ಇಲ್ಲ.

ಕೋಣೆಗೆ ಬಂದ ಮೇಲೆ, ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಸುಜಾತಾನ ನಿಶ್ಚಯ ಹತ್ರ ಬಂತು,” ಎಂದ. “ಯಾರದರ ಮ್ಯಾಲ ಹೋಗಬೇಕಲ್ಲ. ಆ ಮೊಜಾರ್ಟನ ಮ್ಯಾಲ ಹೋಗ್ಲಿ ಬಿಡು. ಸತ್ತಾಂವಗ ಏನಾಗ್ತೈತಿ?”

“ಸುಜಾತಾಗ ಆಗ್ತೈತಲ್ರಿ.”

ಮಾಮಾ ಹಾಸಿಗೆ ಬಿಡಿಸಿದ. ಆಮೇಲೆ ಸಮಾಧಾನದ ಮಾತು — “ಬಿಥೋವನ್ ಸುದ್ದಾ ಕಿವುಡ ಇದ್ನಂತ. ದೊಡ್ಡಾಂವ ಆಗ್ಲಿಲ್ಲೇನು?”

ಅವನು ಜರ್ಮನಿಯಲ್ಲಿ ಹುಟ್ಟಿ ವಿಯೆನ್ನಾ ಸೇರಿದವನು. ಬೇಕಾದಷ್ಟು ಕೇಳಿ ಆಮೇಲೆ ಕಿವುಡಾದ. ನನ್ನ ಮಗ ಅವ್ವನ ದನಿ ಒಮ್ಮೆಯೂ ಕೇಳಿಲ್ಲ. ಮೊಜಾರ್ಟನ ಆರು ಮಕ್ಕಳಲ್ಲಿ ನಾಲ್ಕು ಸಣ್ಣದರಲ್ಲೇ ಹೋದವಂತೆ. ಸಂಗೀತ ಅವನ ಮನೆಯನ್ನೂ ಕಾಯಲಿಲ್ಲ, ನಮ್ಮ ಮನೆಯನ್ನೂ ಹಾಳು ಮಾಡಲಿಲ್ಲ. ಮಾಮಾನ ಮುಖ ನೋಡಿದರೆ ಸಿಟ್ಟು ಬರುತ್ತದೆ. ಮಗನಿಗೂ ಅದೇ ಮುಖ.

ಏಪ್ರಿಲ್ 13. ಇಂಗಳೇಶ್ವರ.

ನಾಳೆ ಸುಜಾತಾ, ಮಾಳಿಂಗನ ನಿಶ್ಚಯ. ಸುಜಾತಾ ಮಗನನ್ನು ಎತ್ತಿಕೊಂಡು, “ನಾ ಬಸುರಾದಾಗ ಆ ಹಾಡು ಹಚ್ಚೂದಿಲ್ಲ ಬಿಡ ಯಕ್ಕಾ. ಮುಗೀತಲ್ಲ,” ಎಂದಳು.

ಎಲ್ಲ ಹೇಳಿಬಿಟ್ಟೆ. ಡಾಕ್ಟರ್ ಕೇಳಿದ್ದು, ಮೂಕ ಮುತ್ಯಾ, ನಾಲ್ಕರಲ್ಲಿ ಒಂದು. ಅವಳು ಮಗನನ್ನು ಸೊಂಟಕ್ಕೇರಿಸಿದಳು. ನೇರ ಅಂಗಳಕ್ಕೆ ಹೋದಳು. ಹಿರಿಯರೆಲ್ಲ ಅಲ್ಲೇ ಇದ್ದರು.

“ಮಾಮಾ, ಅಕ್ಕ ಹೇಳೂದು ಖರೇ ಏನ್ರಿ? ಡಾಕ್ಟರ್ ಹಂಗ ಅಂದಾರೇನ್ರಿ?”

ಮಾಮಾ ನನ್ನನ್ನು ನೋಡಿದ. ಅವಳ ಸೊಂಟದ ಮೇಲಿದ್ದ ಮಗನನ್ನು ನೋಡಿದ.

“ಇಲ್ಲ. ಕೂಸಿನ ಚಿಂತಿಗಿ ನಿಮ್ಮ ಅಕ್ಕನ ತಲಿ ನೆಟ್ಟಗಿಲ್ಲ.”

ರಕ್ತ ತಪಾಸಣೆಗಾದರೂ ಕಳಿಸಿ ಎಂದೆ. ಬಾಗೇವಾಡಿಗೆ ಹೋದರೆ ವಿಜಯಪುರದ ಬಸ್ಸು ಸಿಗುತ್ತದೆ, ನಾನೇ ಕರೆದೊಯ್ಯುತ್ತೇನೆ ಎಂದೆ. ಅವ್ವ ಕೈ ಹಿಡಿದು ಒಳಗೆ ಎಳೆದಳು.

“ತಂಗಿ ನೆಟ್ಟಗ ಬಾಳ್ವೆ ಮಾಡೂದು ಕಣ್ಣಿಗಿ ಬ್ಯಾಡೇನ ನಿನಗ?”

ಮೇ 30

ಮದುವೆ ಆಯಿತು.

ನವೆಂಬರ್ 20. ಇಂಡಿ.

ಸುಜಾತಾ ಬಸುರಿ, ಐದನೇ ತಿಂಗಳು. ಆಯಿ ಮನೆಯಲ್ಲಿ ಸದ್ದು ಬಂದ್ ಮಾಡಿಸಿದ್ದಾಳೆ. ಟಿವಿ ಇಲ್ಲ. ಮಿಕ್ಸರ್ ಪಕ್ಕದ ಮನೆಗೆ ಹೋಯಿತು. ರೊಟ್ಟಿ ಬಡಿಯುವುದೂ ಹಿತ್ತಲಲ್ಲಿ. ಮಾಮಾನ ಫೋನ್ ಸೈಲೆಂಟ್. ಎಲ್ಲರೂ ಪಿಸುಗುಡುತ್ತೇವೆ.

ಸದ್ದು ಮಾಡುವವನು ನನ್ನ ಮಗ ಒಬ್ಬನೇ. ಚಮಚ ಹಿಡಿದು ತಾಟು ಬಡಿಯುತ್ತಿದ್ದ. ಆಯಿ ಓಡಿ ಬಂದು ಕಸಿದುಕೊಂಡಳು. ಯಾಕೆ ಕಸಿದುಕೊಂಡಳೆಂದು ಅವನಿಗೆ ಹೇಗೆ ತಿಳಿಯಬೇಕು?

ಆಪರೇಷನ್‌ಗೆ ಡೇಟ್ ಬಂದಿತ್ತು. ತಲೆ ಕೊಯ್ಯುವುದು ಬೇಡ ಎಂದಳು ಆಯಿ. ಮಾಮಾ ಹೂಂ ಅಂದ. ನಾಳೆ ನಾನೇ ಮೇಡಂಗೆ ಫೋನ್ ಮಾಡುತ್ತೇನೆ, ಇನ್ನೊಂದು ಡೇಟ್ ಕೇಳುತ್ತೇನೆ. ಯಾರ ಅಪ್ಪಣೆಯೂ ಬೇಕಿಲ್ಲ.

ಡಿಸೆಂಬರ್ 8. ಮಧ್ಯಾಹ್ನ.

ಬಟ್ಟೆ ಮಡಚುತ್ತಿದ್ದೆ. ಸುಜಾತಾ ಬಂದು ಬಾಗಿಲು ಮುಚ್ಚಿದಳು. ಮದುವೆಯಾದ ಮೇಲೆ ನನ್ನ ಕೋಣೆಗೆ ಬಂದದ್ದು ಇದೇ ಮೊದಲು.

“ಯಕ್ಕಾ, ಒದಿಯಾಕತ್ತೇತಿ. ಹಿಡದ ನೋಡು.”

ನನ್ನ ಕೈ ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒದೆಯಿತು. ಮತ್ತೆ ಒದೆಯಿತು. ಅವಳು ಕೈ ಬಿಡಲಿಲ್ಲ.

“ಅವತ್ತ ನೀ ಹೇಳಿದ್ದು... ನನ್ನ ಮ್ಯಾಲಿನ ಸಿಟ್ಟಿಗಿ ಹೇಳಿದಿ, ಹೌದಲ್ಲ? ಹೌದು ಅಂದಬಿಡು. ಒಮ್ಮೆ ಅಂದಬಿಡು, ನಾ ನಂಬ್ತೇನಿ.”

ಅಳುವಾಗಲೂ ಸದ್ದು ಬರದಂತೆ ತುಟಿ ಕಚ್ಚಿಕೊಂಡಿದ್ದಳು. ನಾನು ಅಂದೆ, “ಸುಜಾತಾ, ಸಿಟ್ಟಿಗಿ ಹೇಳಿಲ್ಲ. ಮಗನ್ನ ಮೇಡಂ ಕಡೆ ಕರಕೊಂಡು ಹೋಗುವಾಗ ನೀನೂ ಬಾ.”