ಹಗ್ಗ ಕಟ್ಟಿದ ಕಲ್ಲು

ಮತ್ಸುಎ
ನವೆಂಬರ್ 9

ಅಪ್ಪಾ,

ಜಗಳವಾಡಿ ಮನೆ ಬಿಟ್ಟವಳು ಎರಡು ವರ್ಷದ ಮೇಲೆ ನಮಸ್ಕಾರ ಹೇಳುತ್ತಿದ್ದೇನೆ. ನೀವು ಕೆಲಸ ಮಾಡುವ ತೋಟದ ಗೇಟಿನೆದುರು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೇನೆ. ಬೆಳಿಗ್ಗೆ ಒಳಗೆ ಬಂದಿದ್ದೆ. ನಿಮ್ಮನ್ನು ನೋಡಲಿಕ್ಕಲ್ಲ. ಶ್ರೀಮಂತರ ತೋಟಗಳೆಲ್ಲ ಇದರಂತೆ ಜನರದ್ದಾಗಬೇಕೆಂದು ನಮ್ಮ ಸಂಘಕ್ಕೆ ಕರಪತ್ರ ಬರೆಯುತ್ತಿದ್ದೇನೆ, ಅದಕ್ಕೆ.

ಕೊಳದಾಚೆ ದಾರಿ ಕವಲಾಗುವಲ್ಲಿ ಆ ಪುಟ್ಟ ಕಲ್ಲಿತ್ತು, ಕಪ್ಪು ಹಗ್ಗದಿಂದ ಅಡ್ಡಡ್ಡ ಬಿಗಿದದ್ದು. ಮುಂದೆ ಕಾಲಿಡಬೇಡಿ ಎಂದು ಅದರರ್ಥ ಅಂತ ನನಗೆ ಐದನೆಯ ವಯಸ್ಸಿನಲ್ಲೇ ಕಲಿಸಿದವರು ನೀವು. ಬೇಲಿಯಿಲ್ಲ, ಬೋರ್ಡಿಲ್ಲ. ಜನ ಅದನ್ನು ನೋಡಿ ತಾವಾಗಿಯೇ ಹಿಂದಿರುಗುತ್ತಿದ್ದರು. ನನಗೆ ಮೈ ಉರಿಯಿತು. ಒಡೆಯ ಸತ್ತು ತೋಟ ಊರಿನದಾಯಿತು, ಈ ವಿಧೇಯತೆ ಮಾತ್ರ ಸಾಯಲಿಲ್ಲವಲ್ಲ! ಕಲ್ಲನ್ನು ಎತ್ತಿ ಪೊದೆಯ ಹಿಂದೆ ಇಟ್ಟುಬಿಟ್ಟೆ. ಕಲ್ಲಿಲ್ಲದ ಮೇಲೆ ದಾರಿ ತೆರೆದಿದೆ ಎಂದೇ ಅಲ್ಲವೇ? ಒಂದು ಬಸ್ಸಿನ ಜನ ಪೂರಾ ಒಳಗೆ ಬಂದರು.

ಅಲ್ಲಿ ಮೊಣಕಾಲೂರಿ, ನೆಲಕ್ಕೆ ಹಾಸಿ ಬೆಳೆಸುವ ಹಾವಸೆಯ ನಡುವಿನ ಹುಲ್ಲು ಕೀಳುತ್ತಿದ್ದ ನಿಮ್ಮ ಜೊತೆ ಕೆಲಸದ ಓಕಿನೊ ಅಜ್ಜಿ ಚೀರಿದರು. "ಅಯ್ಯಯ್ಯೋ, ಅದು ಹಾವಸೆ ಕಣ್ರೋ, ಕಂಬಳಿ ಅಲ್ಲ! ಮೊನ್ನೆ ಹಾಸಿದ್ದು, ಇನ್ನೂ ನೆಲ ಹಿಡಿದಿಲ್ಲ!"

ಜನರಿಗೆ ಹಕ್ಕಿದೆ ಎಂದೆ ನಾನು.

"ಹಕ್ಕಿದ್ರೆ ಬಾ, ಪಕ್ಕದಲ್ಲಿ ಕೂತು ಹುಲ್ಲು ಕೀಳು. ಬರೀ ತುಳಿಯೋ ಹಕ್ಕು ಯಾವ ಪುಸ್ತಕದಲ್ಲಿ ಬರ್ದವ್ರೆ ತಾಯಿ?"

ಅಷ್ಟರಲ್ಲಿ ಮೇಲ್ವಿಚಾರಕರ ಕೂಗು ಕೇಳಿ ನಾನು ಬಿದಿರ ತಟ್ಟಿಯ ಹಿಂದೆ ಸರಿದೆ. ನೀವು ಪೈನ್ ಮರಕ್ಕೆ ಒರಗಿಸಿದ್ದ ಏಣಿಯಿಂದ ಇಳಿದು ಬಂದಿರಿ. ತಲೆ ತಗ್ಗಿಸಿ, "ಬೆಳಿಗ್ಗೆ ಕಲ್ಲಿಡೋದು ಮರೆತೆ. ತಪ್ಪು ನನ್ದೇ" ಎಂದಿರಿ. ಆತ, "ಮೊರಿಯಾಸು, ನಿನಗೂ ವಯಸ್ಸಾಯ್ತು. ಈ ವರ್ಷಕ್ಕೆ ಸಾಕು ಮಾಡು" ಎಂದುಬಿಟ್ಟ.

ಜನರ ಪರವಾಗಿ ಚೌಕದಲ್ಲಿ ಗಂಟಲು ಹರಿದುಕೊಳ್ಳುವ ನಾನು, ನಿಮ್ಮ ಪರವಾಗಿ ಬಾಯಿ ಬಿಡಲಿಲ್ಲ. ಮನೆ ಬಿಟ್ಟ ದಿನ ನಿಮ್ಮನ್ನು ಒಡೆಯರ ಆಳು ಎಂದು ಹೀಗಳೆದವಳೂ ನಾನೇ. ಜನ ಹೋದ ಮೇಲೆ ನೀವು ಬಗ್ಗಿ, ಕಿತ್ತುಹೋದ ಹಾವಸೆಯನ್ನು ಒಂದೊಂದೇ ಚೂರು ಅಂಗೈಯಿಂದ ಒತ್ತಿ ಕೂರಿಸುತ್ತಿದ್ದಿರಿ. ಯಾರ ಆಳೂ ಹಾಗೆ ಕೆಲಸ ಮಾಡುವುದಿಲ್ಲ ಅಪ್ಪಾ.

ಕಲ್ಲು ತೆಗೆದವಳು ನಾನು. ನೀವು ಮರೆಯಲಿಲ್ಲ. ನಿಮಗೆ ಕೆಲಸ ತಪ್ಪಬಾರದು. ಈಗಲೇ ತೋಟದ ಆಫೀಸಿಗೆ ಹೋಗಿ ಇದನ್ನೇ ಹೇಳುತ್ತೇನೆ. ತೋಟ ಜನರದ್ದು ಎಂಬ ಮಾತನ್ನು ಮಾತ್ರ ಹಿಂದೆಗೆಯುವುದಿಲ್ಲ.

ನಿಮ್ಮ ಹಟಮಾರಿ
ಚಿಗುಸ

ಮತ್ತೊಂದು ಮಾತು: ಕೆಲಸ ಮುಗಿಸಿ ಹೊರಟ ಓಕಿನೊ ಅಜ್ಜಿ ಈಗ ನನ್ನ ಪಕ್ಕದಲ್ಲೇ ಕೂತಿದ್ದಾರೆ. ನಾನು ಯಾರೆಂದು ಅವರಿಗೆ ಗೊತ್ತಂತೆ. "ನಿಮ್ಮಪ್ಪ ಏಣಿ ಮೇಲಿಂದ ಎಲ್ಲಾ ನೋಡ್ದ ಕಣೇ. ಆಮೇಲೆ ನನ್ನ ಹತ್ರ ಕೇಳಿದ್ದು ಒಂದೇ ಮಾತು, 'ನೀವು ಹತ್ತಿರದಿಂದ ನೋಡಿದ್ರಲ್ಲ, ಸೊರಗಿದ್ದಾಳಾ?' ಅಂತ" ಎಂದರು. ಪತ್ರವನ್ನು ಅವರ ಕೈಯಲ್ಲೇ ಮತ್ತೆ ಒಳಗೆ, ನಿಮಗೆ ಕಳಿಸುತ್ತಿದ್ದೇನೆ. ಹೌದು ಅಪ್ಪಾ, ಸೊರಗಿದ್ದೇನೆ. ಆಫೀಸಿನಿಂದ ಬಂದು ಗೇಟಿನ ಹತ್ತಿರ ಕಾಯುತ್ತಿರುತ್ತೇನೆ. ಇವತ್ತು ಮನೆಯಲ್ಲಿ ಇಬ್ಬರಿಗೆ ಅಕ್ಕಿ ತೊಳೆಯೋಣ.